ಮಕ್ಕಳ ಕೈಗೆ ಹೊಣೆ ಕೊಟ್ಟಾಗ: ಸ್ಕೌಟಿಂಗ್‌ನ ಲಾಭ ಬರುವುದು ಎಲ್ಲಿಂದ?

ಜಗತ್ತಿನಲ್ಲಿ 10ರಿಂದ 19 ವರ್ಷದೊಳಗಿನ ಪ್ರತಿ ಏಳು ಮಂದಿಯಲ್ಲಿ ಒಬ್ಬರು ಒಂದಲ್ಲ ಒಂದು ಮಾನಸಿಕ ಸಮಸ್ಯೆಯಿಂದ ಬಳಲುತ್ತಿದ್ದಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 11ರಿಂದ 17 ವರ್ಷದವರಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ದೇಹಕ್ಕೆ ಬೇಕಾದಷ್ಟು ಚಟುವಟಿಕೆಯನ್ನೇ ಮಾಡುತ್ತಿಲ್ಲ ಎಂಬುದೂ ಅದೇ ಸಂಸ್ಥೆಯ ಲೆಕ್ಕ. ಇಂಥ ಅಂಕಿಅಂಶ ಸುದ್ದಿಯಾದಾಗಲೆಲ್ಲ ಬೈಸಿಕೊಳ್ಳುವುದು ಮೊಬೈಲ್ ಫೋನು. ಫೋನಿನ ಪಾಲು ಇದರಲ್ಲಿ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಫೋನು ಕಸಿದುಕೊಂಡ ಮೇಲೆ ಮಗುವಿನ ಕೈಗೆ ಏನು ಕೊಡುತ್ತೇವೆ? ಹೆಚ್ಚಿನ ಮನೆಗಳಲ್ಲಿ ಉತ್ತರ ಒಂದೇ: ಇನ್ನೊಂದು ಟ್ಯೂಷನ್, ಇನ್ನೊಂದು ತರಗತಿ, ಇನ್ನೊಬ್ಬ ಕೋಚ್. ಅಲ್ಲೆಲ್ಲ ಹೇಳುವವರು ದೊಡ್ಡವರು, ಹೇಳಿದಂತೆ ಮಾಡುವವರು ಮಕ್ಕಳು. ತನ್ನ ಕೆಲಸವನ್ನು ನಂಬಿಕೊಂಡು ಇನ್ನೊಬ್ಬರು ಕಾಯುತ್ತಿದ್ದಾರೆ, ತಾನು ಮಾಡದಿದ್ದರೆ ಅದು ಆಗುವುದೇ ಇಲ್ಲ ಎಂಬ ಅನುಭವ ಹನ್ನೆರಡು ಹದಿಮೂರರ ಮಗುವಿಗೆ ಎಲ್ಲೂ ಸಿಗುತ್ತಿಲ್ಲ.

ಆ ಅನುಭವವನ್ನೇ ನಡುವಿಟ್ಟುಕೊಂಡು ಕಟ್ಟಿದ ವ್ಯವಸ್ಥೆಯೊಂದು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ನಮ್ಮ ಕಣ್ಣೆದುರೇ ಇದೆ. ಸ್ಕೌಟ್ ಚಳವಳಿಯ ವಿಶ್ವ ಸಂಘಟನೆಯಲ್ಲಿ ಇಂದು 170ಕ್ಕೂ ಹೆಚ್ಚು ರಾಷ್ಟ್ರೀಯ ಸಂಸ್ಥೆಗಳಿವೆ, 5 ಕೋಟಿಗೂ ಹೆಚ್ಚು ಸದಸ್ಯರಿದ್ದಾರೆ. ಗರ್ಲ್ ಗೈಡ್‌ಗಳ ವಿಶ್ವ ಸಂಘಟನೆಯಲ್ಲಿ ಸುಮಾರು ಒಂದು ಕೋಟಿ ಮಂದಿ ಇದ್ದಾರೆ. ಇಷ್ಟು ದೊಡ್ಡ ಚಳವಳಿಯ ಬಗ್ಗೆ ನಮಗಿರುವ ಕಲ್ಪನೆ ಮಾತ್ರ ತುಂಬಾ ಚಿಕ್ಕದು: ಸಮವಸ್ತ್ರ, ಕೊರಳಿಗೆ ಸ್ಕಾರ್ಫ್, ಮೂರು ಬೆರಳಿನ ಸೆಲ್ಯೂಟ್, ಸಮಾರಂಭಗಳಲ್ಲಿ ಸಾಲಾಗಿ ನಿಲ್ಲುವ ಮಕ್ಕಳು. ಸ್ಕೌಟಿಂಗ್‌ನಿಂದ ಮಕ್ಕಳಿಗೆ ಲಾಭವಿದೆ ಎಂದು ನಾನು ನಂಬುತ್ತೇನೆ. ಆ ಲಾಭ ಬರುವ ಜಾಗ ಈ ಚಿತ್ರದಲ್ಲಿ ಕಾಣಿಸುವುದೇ ಇಲ್ಲ. ಎಷ್ಟೋ ಕಡೆ ಸ್ಕೌಟಿಂಗ್ ಹೆಸರಿಗಷ್ಟೇ ನಡೆಯುತ್ತಿರುವುದಕ್ಕೂ ಇದೇ ಕಾರಣ ಎಂದು ನನಗನ್ನಿಸುತ್ತದೆ.

ಮೊದಲಿಗೆ ಮೂಲವನ್ನು ನೋಡೋಣ. 1907ರ ಆಗಸ್ಟ್‌ನಲ್ಲಿ ಬ್ರಿಟಿಷ್ ಸೇನಾಧಿಕಾರಿ ರಾಬರ್ಟ್ ಬೇಡನ್ ಪೊವೆಲ್ ಇಂಗ್ಲೆಂಡಿನ ದಕ್ಷಿಣ ತೀರದ ಬ್ರೌನ್‌ಸೀ ಎಂಬ ದ್ವೀಪದಲ್ಲಿ ಸುಮಾರು 20 ಹುಡುಗರ ಶಿಬಿರ ನಡೆಸಿದರು. ಕೆಲವರು ಶ್ರೀಮಂತರ ಶಾಲೆಗಳಿಂದ ಬಂದವರು, ಉಳಿದವರು ದುಡಿಯುವ ವರ್ಗದ ಕುಟುಂಬಗಳವರು. ಅಂದಿನ ಇಂಗ್ಲೆಂಡಿನಲ್ಲಿ ಇವರು ಒಂದೇ ಡೇರೆಯಲ್ಲಿ ಮಲಗುವುದೇ ಅಪರೂಪದ ಸಂಗತಿ. ಬೇಡನ್ ಪೊವೆಲ್ ಅವರನ್ನು ತೋಳ, ಗೂಳಿ, ಕರ್ಲ್ಯೂ ಹಕ್ಕಿ, ರೇವನ್ ಕಾಗೆ ಎಂಬ ಹೆಸರಿನ ನಾಲ್ಕು ಪುಟ್ಟ ತಂಡಗಳಾಗಿ ವಿಂಗಡಿಸಿ, ಪ್ರತಿ ತಂಡಕ್ಕೂ ಹುಡುಗರಲ್ಲೇ ಒಬ್ಬನನ್ನು ನಾಯಕನನ್ನಾಗಿ ಮಾಡಿದರು. ತನ್ನ ತಂಡದ ನಡವಳಿಕೆಗೆ, ಕೆಲಸಕ್ಕೆ ಅವನೇ ಹೊಣೆ.

ಈ ಯೋಚನೆಗೆ ಹಿನ್ನೆಲೆ ಇತ್ತು. 1899ರಿಂದ 1900ರವರೆಗೆ ದಕ್ಷಿಣ ಆಫ್ರಿಕಾದ ಮಾಫೆಕಿಂಗ್ ಪಟ್ಟಣ 217 ದಿನ ಮುತ್ತಿಗೆಗೆ ಸಿಕ್ಕಿದ್ದಾಗ ಅಲ್ಲಿನ ಹುಡುಗರ ಕೆಡೆಟ್ ಪಡೆಯೊಂದು ಸಂದೇಶ ಒಯ್ಯುವಂಥ ಕೆಲಸಗಳನ್ನು ಮಾಡಿತ್ತು. ಜವಾಬ್ದಾರಿ ಕೊಟ್ಟರೆ ಹುಡುಗರು ಅದಕ್ಕೆ ತಕ್ಕಂತೆ ಬೆಳೆಯುತ್ತಾರೆ ಎಂಬುದನ್ನು ಬೇಡನ್ ಪೊವೆಲ್ ಅಲ್ಲಿ ಕಂಡರು. ಅದು ವಸಾಹತುಶಾಹಿಯ ಯುದ್ಧ, ಅವರು ಸಾಮ್ರಾಜ್ಯದ ಸೈನಿಕ. ಇದನ್ನು ಮುಚ್ಚಿಟ್ಟು ಸ್ಕೌಟಿಂಗ್‌ನ ಕಥೆ ಹೇಳುವುದು ಸರಿಯಲ್ಲ. ಸಮವಸ್ತ್ರ, ಪಥಸಂಚಲನಗಳ ಸೈನಿಕ ವಾಸನೆ ಅಲ್ಲಿಂದಲೇ ಬಂದದ್ದು. ಆದರೆ ಚಳವಳಿಯನ್ನು ಜಗತ್ತಿನಾದ್ಯಂತ ಹಬ್ಬಿಸಿದ್ದು ಆ ವಾಸನೆಯಲ್ಲ; ಬ್ರೌನ್‌ಸೀಯಲ್ಲಿ ಪರೀಕ್ಷೆಗೊಳಗಾದ ಪುಟ್ಟ ತಂಡದ ಪದ್ಧತಿ.

ಹುಡುಗಿಯರು ಕರೆಯುವ ತನಕ ಕಾಯಲಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ನಡೆದ ಸ್ಕೌಟ್ ಮೇಳಕ್ಕೆ ಕೆಲವು ಹುಡುಗಿಯರು ತಾವೇ ಸಮವಸ್ತ್ರ ಹೊಂದಿಸಿಕೊಂಡು ಬಂದು, ತಮ್ಮನ್ನೂ ಸೇರಿಸಿಕೊಳ್ಳಿ ಎಂದು ಕೇಳಿದರು. ಮರುವರ್ಷ, 1910ರಲ್ಲಿ, ಬೇಡನ್ ಪೊವೆಲ್ ಅವರ ತಂಗಿ ಆಗ್ನೆಸ್ ಅವರ ನೇತೃತ್ವದಲ್ಲಿ ಗರ್ಲ್ ಗೈಡ್ಸ್ ಆರಂಭವಾಯಿತು.

ಆ ಪುಟ್ಟ ತಂಡಕ್ಕೆ ಪ್ಯಾಟ್ರೋಲ್ ಎಂದು ಹೆಸರು. ಸಾಮಾನ್ಯವಾಗಿ ಆರರಿಂದ ಎಂಟು ಮಕ್ಕಳು. ಹನ್ನೊಂದರವರೂ ಇರುತ್ತಾರೆ, ಹದಿನೈದರವರೂ ಇರುತ್ತಾರೆ. ಇಂಥ ಕೆಲವು ಪ್ಯಾಟ್ರೋಲ್‌ಗಳು ಕೂಡಿದರೆ ಒಂದು ದಳ. ಶಾಲೆ ಮಕ್ಕಳನ್ನು ವಯಸ್ಸಿನ ಪ್ರಕಾರ ಬೇರ್ಪಡಿಸಿ ಕೂರಿಸುತ್ತದೆ. ಹತ್ತು ವರ್ಷದ ಮಗು ಹತ್ತು ವರ್ಷದವರ ನಡುವೆಯೇ ದಿನ ಕಳೆಯುತ್ತದೆ. ಪ್ಯಾಟ್ರೋಲ್‌ನಲ್ಲಿ ಹಾಗಿಲ್ಲ. ಹೋದ ವರ್ಷ ಗಂಟು ಹಾಕಲು ಕಲಿತ ಹುಡುಗಿ ಈ ವರ್ಷ ಹೊಸಬಳಿಗೆ ಕಲಿಸುತ್ತಾಳೆ. ಕಲಿಸುವಾಗ ತಾನು ಎಲ್ಲಿ ತಡವರಿಸಿದ್ದೆ ಎಂಬ ನೆನಪು ಅವಳಿಗೆ ಇನ್ನೂ ಹಸಿಯಾಗಿರುತ್ತದೆ. ಮೂವತ್ತು ವರ್ಷದ ಅನುಭವವಿರುವ ಶಿಕ್ಷಕರಿಗಿಂತ ಒಂದು ವರ್ಷದ ಅನುಭವವಿರುವ ಅಕ್ಕ ಎಷ್ಟೋ ಸಲ ಚೆನ್ನಾಗಿ ವಿವರಿಸುವುದು ಇದರಿಂದಲೇ.

ಒಂದು ಶಿಬಿರವನ್ನು ಊಹಿಸಿಕೊಳ್ಳಿ. ಸಂಜೆ ಮಳೆ ಬರುವ ಸೂಚನೆ ಇದೆ. ಡೇರೆ ಎಲ್ಲಿ ಹಾಕಬೇಕು ಎಂದು ಪ್ಯಾಟ್ರೋಲ್ ತೀರ್ಮಾನಿಸಬೇಕು. ತಗ್ಗಿನಲ್ಲಿ ನೆಲ ಮೆತ್ತಗಿದೆ, ಗೂಟ ಸುಲಭವಾಗಿ ಇಳಿಯುತ್ತದೆ, ಆದರೆ ನೀರು ಹರಿದು ಬರುವುದೂ ಅಲ್ಲಿಗೇ. ದಿಬ್ಬದಲ್ಲಿ ಕಲ್ಲು ಹೆಚ್ಚು, ಗಾಳಿಯೂ ಜೋರು. ಹದಿನಾಲ್ಕು ವರ್ಷದ ನಾಯಕಿ ತಗ್ಗು ಸಾಕು ಎನ್ನುತ್ತಾಳೆ. ಹನ್ನೊಂದರ ಹುಡುಗಿಯೊಬ್ಬಳು ಬೇಡ ಎನ್ನುತ್ತಾಳೆ, ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ರಾತ್ರಿ ಡೇರೆಯೊಳಗೆ ನೀರು ನುಗ್ಗುತ್ತದೆ. ಎಲ್ಲರೂ ಎದ್ದು ಒದ್ದೆ ಚೀಲಗಳನ್ನು ಹೊತ್ತು ಜಾಗ ಬದಲಾಯಿಸುತ್ತಾರೆ. ಬೆಳಗ್ಗೆ ಬೈಯಲು ಯಾರೂ ಬರುವುದಿಲ್ಲ, ಅಂಕ ಕಳೆಯುವವರೂ ಇಲ್ಲ. ದಳದ ಹಿರಿಯರು ಬಂದು ಕೂತು ಕೇಳುವುದು ಇಷ್ಟೇ: ಏನಾಯಿತು, ಮುಂದಿನ ಸಲ ಹೇಗೆ ಮಾಡುತ್ತೀರಿ? ಈ ಒಂದು ರಾತ್ರಿಯಲ್ಲಿ ನಾಯಕಿ ಕಿರಿಯರ ಮಾತಿಗೆ ಕಿವಿಗೊಡಬೇಕೆಂದು ಕಲಿತಳು. ಕಿರಿಯವಳಿಗೆ ತನ್ನ ಗ್ರಹಿಕೆಯ ಮೇಲೆ ಭರವಸೆ ಬಂತು. ಉಳಿದವರಿಗೆ ಅನಾನುಕೂಲವಾದ ರಾತ್ರಿಯೊಂದನ್ನು ಕೂಡಿ ದಾಟಬಹುದು ಎಂಬುದು ಗೊತ್ತಾಯಿತು. ಇದನ್ನು ವ್ಯಕ್ತಿತ್ವ ವಿಕಸನದ ಉಪನ್ಯಾಸದಲ್ಲಿ ಹೇಳಿಕೊಡಲು ಆಗದು, ಏಕೆಂದರೆ ಅಲ್ಲಿ ಯಾರ ಹಾಸಿಗೆಯೂ ಒದ್ದೆಯಾಗುವುದಿಲ್ಲ.

ಹಿರಿಯರು ಅಲ್ಲಿ ಸುಮ್ಮನೆ ಕೂತಿರಲಿಲ್ಲ ಎಂಬುದು ಗಮನಿಸಬೇಕಾದ ಅಂಶ. ಜಾಗ ಸುರಕ್ಷಿತವೇ, ನೀರು ಏರಿದರೆ ಅಪಾಯವಿದೆಯೇ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲಿದೆ, ಆಸ್ಪತ್ರೆ ಎಷ್ಟು ದೂರ ಎಂಬುದನ್ನೆಲ್ಲ ಅವರು ಮೊದಲೇ ನೋಡಿಟ್ಟಿರುತ್ತಾರೆ. ಜೀವಕ್ಕೆ ಅಪಾಯ ತರುವ ತಪ್ಪುಗಳನ್ನು ತಡೆಯುತ್ತಾರೆ, ಒದ್ದೆಯಾಗಿಸುವ ತಪ್ಪುಗಳನ್ನು ಆಗಗೊಡುತ್ತಾರೆ. ಇವೆರಡರ ನಡುವಿನ ಗೆರೆ ಎಲ್ಲಿದೆ ಎಂದು ಬಲ್ಲವರೇ ಒಳ್ಳೆಯ ಸ್ಕೌಟ್ ನಾಯಕರು. ಗೆರೆಯನ್ನು ತೀರಾ ಈಚೆಗೆ ಎಳೆದರೆ ಮಕ್ಕಳು ಪ್ರವಾಸಿಗರಾಗುತ್ತಾರೆ. ತೀರಾ ಆಚೆಗೆ ಎಳೆದರೆ ಅದು ನಿರ್ಲಕ್ಷ್ಯ.

ದಳದಲ್ಲಿ ಇನ್ನೊಂದು ವ್ಯವಸ್ಥೆಯೂ ಇದೆ, ಕೋರ್ಟ್ ಆಫ್ ಆನರ್. ಪ್ಯಾಟ್ರೋಲ್ ನಾಯಕರೆಲ್ಲ ಕೂತು ಮುಂದಿನ ಚಾರಣ ಎಲ್ಲಿಗೆ, ಹಣ ಹೇಗೆ ಖರ್ಚು ಮಾಡಬೇಕು, ನಿಯಮ ಮುರಿದವರ ವಿಷಯ ಏನು ಎಂದು ಚರ್ಚಿಸುವ ಸಭೆ ಅದು. ಹದಿಹರೆಯದವರು ವಾದ ಮಾಡಿ, ಸೋತು, ಬಹುಮತದ ತೀರ್ಮಾನಕ್ಕೆ ತಲೆಬಾಗಿ, ಮರುದಿನ ಅದನ್ನೇ ತಮ್ಮ ತಂಡಕ್ಕೆ ವಿವರಿಸಬೇಕು. ಪ್ರಜಾಪ್ರಭುತ್ವದ ಪಾಠ ಓದುವ ಮಕ್ಕಳು ಕೋಟ್ಯಂತರ ಮಂದಿ ಇದ್ದಾರೆ. ಅದನ್ನು ನಡೆಸಿ ನೋಡುವ ಅವಕಾಶ ಸಿಗುವುದು ಇಂಥ ಕೆಲವೇ ಕಡೆ.

ಇಷ್ಟೆಲ್ಲ ಕೇಳಲು ಚೆಂದ, ಪುರಾವೆ ಇದೆಯೇ? ಸ್ಕೌಟಿಂಗ್ ಅಭಿಮಾನಿಗಳು ಇಲ್ಲಿ ಸಾಮಾನ್ಯವಾಗಿ ಚಂದ್ರನ ಮಾತು ಎತ್ತುತ್ತಾರೆ. ಚಂದ್ರನ ಮೇಲೆ ನಡೆದ 12 ಮಂದಿಯಲ್ಲಿ 11 ಮಂದಿ ಬಾಲ್ಯದಲ್ಲಿ ಸ್ಕೌಟ್ ಆಗಿದ್ದವರು ಎಂಬ ಲೆಕ್ಕ ಎಲ್ಲೆಡೆ ಕಾಣಸಿಗುತ್ತದೆ. ಹೆಮ್ಮೆಪಡಲು ಇದು ಸಾಕು, ವಾದಕ್ಕೆ ಸಾಲದು. ಆ ಪೀಳಿಗೆಯ ಅಮೆರಿಕದ ಹುಡುಗರಲ್ಲಿ ಸ್ಕೌಟಿಂಗ್ ತುಂಬಾ ಸಾಮಾನ್ಯವಾಗಿತ್ತು. ಸಾಹಸಪ್ರಿಯ ಹುಡುಗರು ಸ್ಕೌಟಿಂಗ್‌ಗೂ ಹೋಗುತ್ತಾರೆ, ವಿಮಾನ ಹಾರಿಸಲೂ ಹೋಗುತ್ತಾರೆ. ಒಂದರಿಂದಲೇ ಇನ್ನೊಂದು ಆಯಿತೆಂದು ಹೇಳಲಾಗದು.

ಇದಕ್ಕಿಂತ ತೂಕದ ಕೆಲಸ ಸ್ಕಾಟ್‌ಲೆಂಡಿನ ಎಡಿನ್‌ಬರೊ ಮತ್ತು ಗ್ಲಾಸ್ಗೊ ವಿಶ್ವವಿದ್ಯಾಲಯಗಳ ಸಂಶೋಧಕರದು. 1958ರ ಮಾರ್ಚ್‌ನ ಒಂದೇ ವಾರದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಮಕ್ಕಳನ್ನು ಜೀವನದುದ್ದಕ್ಕೂ ಗಮನಿಸುತ್ತ ಬಂದಿರುವ ಅಧ್ಯಯನವೊಂದಿದೆ. ಅದರಲ್ಲಿನ ಸುಮಾರು 10 ಸಾವಿರ ಮಂದಿಯ ಮಾಹಿತಿಯನ್ನು ಅವರು ವಿಶ್ಲೇಷಿಸಿ 2016ರಲ್ಲಿ ಪ್ರಕಟಿಸಿದರು. ಕಾಲುಭಾಗಕ್ಕಿಂತ ತುಸು ಹೆಚ್ಚು ಮಂದಿ ಬಾಲ್ಯದಲ್ಲಿ ಸ್ಕೌಟ್ ಅಥವಾ ಗೈಡ್ ಆಗಿದ್ದರು. ಇವರು 50ನೇ ವಯಸ್ಸಿನಲ್ಲಿ ಆತಂಕ ಅಥವಾ ಖಿನ್ನತೆಯಂಥ ತೊಂದರೆಗೆ ಒಳಗಾಗುವ ಸಂಭವ ಉಳಿದವರಿಗಿಂತ ಸುಮಾರು ಶೇ 15ರಷ್ಟು ಕಡಿಮೆ ಇತ್ತು. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಅದರ ಎರಡನೇ ಫಲಿತಾಂಶ. ಸಾಮಾನ್ಯವಾಗಿ ಬಡ ಕುಟುಂಬದಲ್ಲಿ ಬೆಳೆದವರ ಮಾನಸಿಕ ಆರೋಗ್ಯ ಮುಂದೆ ಸಿರಿವಂತರ ಮಕ್ಕಳದ್ದಕ್ಕಿಂತ ಕುಂದುತ್ತದೆ. ಸ್ಕೌಟ್, ಗೈಡ್ ಆಗಿದ್ದವರಲ್ಲಿ ಈ ಅಂತರ ಕಿರಿದಾಗಿತ್ತು. ಅಂದರೆ ಯಾರಿಗೆ ಅಗತ್ಯ ಹೆಚ್ಚೋ ಅವರಿಗೇ ಲಾಭವೂ ಹೆಚ್ಚು ಸಿಕ್ಕಿರುವಂತೆ ಕಾಣುತ್ತದೆ.

ಇಲ್ಲೂ ಒಂದು ಎಚ್ಚರಿಕೆ ಬೇಕು. ಇದು ಗಮನಿಸಿ ಬರೆದ ಅಧ್ಯಯನ, ಪ್ರಯೋಗವಲ್ಲ. ಮಕ್ಕಳನ್ನು ಸ್ಕೌಟಿಂಗ್‌ಗೆ ಕಳಿಸುವ ತಂದೆತಾಯಿ ಬೇರೆ ವಿಷಯಗಳಲ್ಲೂ ಕಾಳಜಿ ಉಳ್ಳವರಾಗಿರಬಹುದು. ಸಂಶೋಧಕರು ಕುಟುಂಬದ ಹಿನ್ನೆಲೆಯಂಥ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರೂ ಎಲ್ಲವನ್ನೂ ಅಳೆಯಲು ಆಗುವುದಿಲ್ಲ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ರಿಚರ್ಡ್ ಲರ್ನರ್ ಅವರ ತಂಡ ಫಿಲಡೆಲ್ಫಿಯಾ ಸುತ್ತಮುತ್ತಲಿನ ಪುಟ್ಟ ಸ್ಕೌಟ್‌ಗಳನ್ನೂ ಸ್ಕೌಟಿಂಗ್‌ಗೆ ಸೇರದ ಮಕ್ಕಳನ್ನೂ ಎರಡು ವರ್ಷಕ್ಕೂ ಹೆಚ್ಚು ಕಾಲ ಅಧ್ಯಯನ ಮಾಡಿತು. ಆರಂಭದಲ್ಲಿ ಎರಡು ಗುಂಪುಗಳ ಗುಣಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಕೊನೆಗೆ ಸ್ಕೌಟ್‌ಗಳಲ್ಲಿ ಲವಲವಿಕೆ, ಸಹಾಯ ಮಾಡುವ ಮನಸ್ಸು, ದಯೆ, ಮುಂದಿನ ದಿನಗಳ ಬಗೆಗಿನ ಭರವಸೆ ಹೆಚ್ಚಿದ್ದವು. ಹೆಚ್ಚು ಕಾಲ ಇದ್ದವರಲ್ಲಿ, ಮನಸಿಟ್ಟು ತೊಡಗಿಕೊಂಡವರಲ್ಲಿ ಬದಲಾವಣೆ ಇನ್ನೂ ಸ್ಪಷ್ಟವಾಗಿತ್ತು. ಹೆಸರು ನೋಂದಾಯಿಸಿದ ಮಾತ್ರಕ್ಕೆ ಏನೂ ಆಗುವುದಿಲ್ಲ ಎಂದೂ ಇದನ್ನು ಓದಬಹುದು.

ಇವೆಲ್ಲ ಏಕೆ ಹೀಗಾಗುತ್ತದೆ ಎಂಬುದಕ್ಕೆ ಇನ್ನೊಂದು ದಿಕ್ಕಿನಿಂದ ಬೆಳಕು ಬಿದ್ದಿದೆ. ಮನೋವಿಜ್ಞಾನಿ ಪೀಟರ್ ಗ್ರೇ ಮತ್ತು ಸಂಗಡಿಗರು 2023ರಲ್ಲಿ ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ವಾದ ಮುಂದಿಟ್ಟರು. ಕಳೆದ ಹಲವು ದಶಕಗಳಲ್ಲಿ ಮಕ್ಕಳು ದೊಡ್ಡವರ ಕಣ್ಗಾವಲಿಲ್ಲದೆ ಆಡುವ, ತಿರುಗಾಡುವ, ಕೆಲಸ ಮಾಡುವ ಅವಕಾಶ ಕುಗ್ಗುತ್ತ ಬಂದಿದೆ, ಅವರ ಮನಸ್ಸಿನ ಆರೋಗ್ಯ ಕೆಡುತ್ತಿರುವುದಕ್ಕೆ ಅದೊಂದು ಮುಖ್ಯ ಕಾರಣ ಎಂಬುದು ಅದರ ಸಾರ. ಮಗುವಿಗೆ ತನ್ನ ಬದುಕಿನ ಮೇಲೆ ತನಗೆ ಹಿಡಿತವಿದೆ ಎಂದು ಅನಿಸಬೇಕು. ಪೂರ್ತಿ ಸ್ವಾತಂತ್ರ್ಯ ಕೊಡಲು ಹೆದರುವ ತಂದೆತಾಯಿಗೂ, ಪೂರ್ತಿ ಕಾವಲಿನಲ್ಲಿ ಉಸಿರುಗಟ್ಟುವ ಮಕ್ಕಳಿಗೂ ನಡುವಿನ ದಾರಿಯಾಗಿ ಒಳ್ಳೆಯ ಸ್ಕೌಟ್ ದಳ ಕೆಲಸಕ್ಕೆ ಬರುತ್ತದೆ: ಹಿರಿಯರು ಕೂಗಿದರೆ ಕೇಳುವಷ್ಟು ದೂರದಲ್ಲಿ ಇರುತ್ತಾರೆ, ಕೈ ಹಾಕುವಷ್ಟು ಹತ್ತಿರದಲ್ಲಲ್ಲ.

ಬಯಲು, ಕಾಡು, ನಡಿಗೆಗಳಿಂದ ದೇಹಕ್ಕೆ ಆಗುವ ಒಳಿತನ್ನು ವಿವರಿಸಿ ಹೇಳಬೇಕಾಗಿಲ್ಲ. ನಕ್ಷೆ, ದಿಕ್ಸೂಚಿ ಹಿಡಿದು ದಾರಿ ಹುಡುಕುವುದು, ಬೆಂಕಿ ಹೊತ್ತಿಸಿ ಆರಿಸುವುದು, ಮುರಿದ ಕೈಗೆ ಪಟ್ಟಿ ಕಟ್ಟುವುದು ಬದುಕಿಗೆ ಬೇಕಾದ ಕೌಶಲಗಳೇ. ಜಾಂಬೂರಿ ಎಂಬ ಸ್ಕೌಟ್‌ಗಳ ದೊಡ್ಡ ಶಿಬಿರ ಮೇಳಗಳಲ್ಲಿ ಬೇರೆ ದೇಶದ ಮಕ್ಕಳ ಜೊತೆ ಒಂದೇ ಮೈದಾನದಲ್ಲಿ ಕಳೆಯುವ ದಿನಗಳೂ ದೊಡ್ಡವೇ. ಆದರೆ ಶಿಬಿರ ನಡೆಸುವ ಕಂಪನಿಗಳೂ, ಸಾಹಸ ಪ್ರವಾಸಗಳೂ ಇವುಗಳಲ್ಲಿ ಹಲವನ್ನು ಕೊಡಬಲ್ಲವು. ವಾರವಾರವೂ, ವರ್ಷಗಟ್ಟಲೆ, ಅದೇ ಏಳೆಂಟು ಜೊತೆಗಾರರಿಗೆ ಉತ್ತರದಾಯಿಯಾಗಿರುವುದನ್ನು ಅವು ಕೊಡಲಾರವು.

ಹುಡುಗಿಯರ ವಿಷಯದಲ್ಲಿ ಇದು ಇನ್ನಷ್ಟು ಎದ್ದು ಕಾಣುತ್ತದೆ. ಗೈಡ್ಸ್ ಪ್ಯಾಟ್ರೋಲ್‌ನಲ್ಲಿ ಡೇರೆಯ ಕಂಬ ಎತ್ತುವವರು, ಸೌದೆ ಒಡೆಯುವವರು, ಕತ್ತಲಲ್ಲಿ ನೀರು ತರುವವರು, ತಂಡಕ್ಕೆ ಅಪ್ಪಣೆ ಕೊಡುವವರು ಎಲ್ಲ ಹುಡುಗಿಯರೇ. ಭಾರದ ಕೆಲಸವನ್ನು ಹುಡುಗರಿಗೆ ಬಿಡುವ ಅವಕಾಶವೇ ಇಲ್ಲದಿರುವಾಗ ಅದು ತಮ್ಮ ಕೈಯಲ್ಲೂ ಆಗುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಇನ್ನೊಂದೆಡೆ, ಬ್ರಿಟನ್ನಿನ ಸ್ಕೌಟ್ ಸಂಸ್ಥೆ 1991ರಲ್ಲಿ ಎಲ್ಲ ವಯೋಮಾನದ ವಿಭಾಗಗಳನ್ನೂ ಹುಡುಗಿಯರಿಗೆ ತೆರೆಯಿತು. ಅಮೆರಿಕದಲ್ಲಿ ಆ ಬಾಗಿಲು ತೆರೆದದ್ದು 2018 ಮತ್ತು 2019ರಲ್ಲಿ. ಕೂಡಿ ಬೆಳೆಯುವುದು ಒಳ್ಳೆಯದೋ, ಹುಡುಗಿಯರಿಗೆ ಪ್ರತ್ಯೇಕ ಜಾಗ ಇರುವುದು ಒಳ್ಳೆಯದೋ ಎಂಬ ಚರ್ಚೆ ಮುಗಿದಿಲ್ಲ. ಎರಡೂ ಲಭ್ಯವಿದ್ದು, ಹುಡುಗಿಯೇ ಆರಿಸಿಕೊಳ್ಳುವಂತಿದ್ದರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಇನ್ನು ಕೆಡುವ ಬಗೆ. ಸಾಮಾನ್ಯವಾಗಿ ಕೆಡುವುದು ಬ್ಯಾಡ್ಜ್‌ಗಳಿಂದ. ಬ್ಯಾಡ್ಜ್ ಎಂದರೆ ಮಗು ತಾನು ಗಳಿಸಿದ ಕೌಶಲದ ಗುರುತು. ಅದಕ್ಕೆ ಶಾಲಾ ಕಾಲೇಜು ಪ್ರವೇಶದಲ್ಲೋ ಅರ್ಜಿಯಲ್ಲೋ ಬೆಲೆ ಬಂದ ಕೂಡಲೇ ಕೌಶಲ ಹಿಂದೆ ಸರಿದು ಪ್ರಮಾಣಪತ್ರ ಮುಂದೆ ಬರುತ್ತದೆ. ದಿನಚರಿಯ ಪುಸ್ತಕವನ್ನು ತಂದೆತಾಯಿ ತುಂಬುತ್ತಾರೆ, ಸೇವಾ ಯೋಜನೆಯ ಫೋಟೊ ತೆಗೆದು ಎಲ್ಲರೂ ಮನೆಗೆ ಹೋಗುತ್ತಾರೆ. ಇನ್ನು ಕೆಲವು ಕಡೆ ದಳವೆಂದರೆ ಮೆರವಣಿಗೆಗೆ, ಅತಿಥಿಗಳ ಸ್ವಾಗತಕ್ಕೆ ಒದಗುವ ಮಕ್ಕಳ ಗುಂಪು. ಬಿಸಿಲಲ್ಲಿ ಗಂಟೆಗಟ್ಟಲೆ ನಿಂತು ಕಲಿಯುವುದು ಶಿಸ್ತು ಎಂದು ಹೇಳುವವರಿದ್ದಾರೆ. ಮಕ್ಕಳು ಅಲ್ಲಿ ಕಲಿಯುವುದು ನಿಲ್ಲುವುದನ್ನಷ್ಟೇ.

ಇದಕ್ಕಿಂತ ಘೋರವಾದದ್ದೊಂದಿದೆ. ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆ 2020ರ ಫೆಬ್ರುವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ದಶಕಗಳ ಕಾಲ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಬಗ್ಗೆ 82 ಸಾವಿರಕ್ಕೂ ಹೆಚ್ಚು ಮಂದಿ ಪರಿಹಾರ ಕೋರಿದರು. ಸುಮಾರು 246 ಕೋಟಿ ಡಾಲರ್‌ಗಳ ಪರಿಹಾರ ನಿಧಿಯ ಯೋಜನೆ 2023ರಲ್ಲಿ ಜಾರಿಗೆ ಬಂತು. ಸ್ಕೌಟಿಂಗ್ ಬಗ್ಗೆ ಎಷ್ಟು ಪ್ರೀತಿ ಇದ್ದರೂ ಈ ಸಂಖ್ಯೆಯನ್ನು ದಾಟಿಕೊಂಡು ಹೋಗುವಂತಿಲ್ಲ. ಮಕ್ಕಳಿಗೆ ದೊಡ್ಡವರ ಮೇಲಿರುವ ನಂಬಿಕೆಯೇ ಇಲ್ಲಿ ದುರ್ಬಳಕೆಯಾಯಿತು, ಸಂಸ್ಥೆಯ ಹೆಸರು ಕಾಪಾಡುವ ಆತುರದಲ್ಲಿ ಮಕ್ಕಳ ರಕ್ಷಣೆ ಹಿಂದೆ ಬಿತ್ತು. ಯಾವ ವಯಸ್ಕರೂ ಮಗುವಿನ ಜೊತೆ ಒಂಟಿಯಾಗಿ ಇರಕೂಡದು, ಪ್ರತಿ ಚಟುವಟಿಕೆಯಲ್ಲೂ ಕನಿಷ್ಠ ಇಬ್ಬರು ವಯಸ್ಕರಿರಬೇಕು, ಸೇರಿಸಿಕೊಳ್ಳುವ ಮುನ್ನ ಹಿನ್ನೆಲೆ ಪರಿಶೀಲಿಸಬೇಕು, ದೂರು ಬಂದರೆ ಒಳಗೇ ಮುಚ್ಚದೆ ಪೊಲೀಸರಿಗೆ ತಿಳಿಸಬೇಕು ಎಂಬ ನಿಯಮಗಳು ಕಾಗದದ ಮೇಲಿದ್ದರೆ ಸಾಲದು. ಮಕ್ಕಳಿಗೂ ಅವು ಬಾಯಿಪಾಠವಾಗಿರಬೇಕು. ಮಾತಾಡಲು, ಬೇಡ ಎನ್ನಲು ಕಲಿತ ಪ್ಯಾಟ್ರೋಲ್ ತನ್ನ ಕಿರಿಯರನ್ನು ತಕ್ಕಮಟ್ಟಿಗೆ ತಾನೇ ಕಾಯುತ್ತದೆ ಎಂಬುದು ನನ್ನ ನಂಬಿಕೆ. ಆದರೆ ಅದರ ಮೇಲೆ ಭಾರ ಹಾಕಿ ದೊಡ್ಡವರು ತಮ್ಮ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ.

2023ರಲ್ಲಿ ದಕ್ಷಿಣ ಕೊರಿಯಾದ ಸೆಮಾಂಗಮ್‌ನಲ್ಲಿ ನಡೆದ ವಿಶ್ವ ಜಾಂಬೂರಿಯೂ ಇದೇ ಮಾತನ್ನು ಬೇರೆ ರೀತಿಯಲ್ಲಿ ಹೇಳಿತು. 40 ಸಾವಿರಕ್ಕೂ ಹೆಚ್ಚು ಮಂದಿ ಸೇರಿದ್ದ ಆ ಬಯಲಿನಲ್ಲಿ ಬಿಸಿಲಿನ ಝಳಕ್ಕೆ ನೂರಾರು ಮಂದಿ ಅಸ್ವಸ್ಥರಾದರು. ಕೊನೆಗೆ ಚಂಡಮಾರುತದ ಮುನ್ಸೂಚನೆ ಬಂದು ಎಲ್ಲರನ್ನೂ ತೆರವು ಮಾಡಬೇಕಾಯಿತು. ಸದಾ ಸಿದ್ಧರಾಗಿರಿ ಎಂದು ಮಕ್ಕಳಿಗೆ ಹೇಳಿಕೊಡುವ ಚಳವಳಿಯ ಶಿಬಿರದಲ್ಲಿ ನೆರಳು ಮತ್ತು ನೈರ್ಮಲ್ಯಕ್ಕೆ ದೊಡ್ಡವರು ಸಾಕಷ್ಟು ಸಿದ್ಧರಾಗಿರಲಿಲ್ಲ.

ಮಗುವನ್ನು ದಳಕ್ಕೆ ಸೇರಿಸುವ ಯೋಚನೆ ಇರುವ ತಂದೆತಾಯಿ ಮೊದಲು ಒಂದು ಸಭೆಗೆ ಹೋಗಿ ಬದಿಯಲ್ಲಿ ಕೂತು ನೋಡಬಹುದು. ಹೆಚ್ಚು ಹೊತ್ತು ಮಾತಾಡುತ್ತಿರುವವರು ಯಾರು, ದೊಡ್ಡವರೋ ಮಕ್ಕಳೋ? ಹಿಂದಿನ ಶಿಬಿರದ ಯೋಜನೆ ಮಾಡಿದ್ದು ಯಾರು ಎಂದು ಮಕ್ಕಳನ್ನೇ ಕೇಳಿ. ಅಡುಗೆ ಮಾಡಿದವರು ಯಾರು, ಅದು ಸೀದಾಗ ಏನಾಯಿತು ಎಂದು ಕೇಳಿ. ನಗುತ್ತ ಉದ್ದದ ಕಥೆ ಹೇಳಿದರೆ ಆ ದಳ ಚೆನ್ನಾಗಿದೆ. ಅಡುಗೆಯವರನ್ನು ಕರೆಸಿದ್ದರು ಎಂಬ ಉತ್ತರ ಬಂದರೆ ಇನ್ನೊಂದು ದಳ ಹುಡುಕುವುದು ಮೇಲು. ಸುರಕ್ಷತೆಯ ನಿಯಮಗಳನ್ನು ನಾಯಕರ ಬಳಿ ನೇರವಾಗಿಯೇ ಕೇಳಿ. ಅದಕ್ಕೆ ಮುಖ ಗಂಟಿಕ್ಕುವವರ ಬಳಿ ಮಗುವನ್ನು ಬಿಡಬೇಡಿ.

ಒಳ್ಳೆಯ ದಳ ಇದ್ದರೂ ಜಾಗ ಸಿಗದಿರುವುದು ಇನ್ನೊಂದು ತೊಡಕು. ಬ್ರಿಟನ್ನಿನಲ್ಲಿ ಸ್ಕೌಟಿಂಗ್ ಸೇರಲು ಕಾಯುತ್ತಿರುವ ಮಕ್ಕಳ ಪಟ್ಟಿ ಈಚಿನ ವರ್ಷಗಳಲ್ಲಿ ಒಂದು ಲಕ್ಷ ದಾಟಿತ್ತು. ದಳ ನಡೆಸಲು ಬೇಕಾದಷ್ಟು ಸ್ವಯಂಸೇವಕರಿಲ್ಲದ್ದು ಇದಕ್ಕೆ ಮುಖ್ಯ ಕಾರಣ. ಸ್ವಯಂಸೇವಕರು ಸುಲಭವಾಗಿ ಸಿಗುವುದು ಬಿಡುವು, ವಾಹನ, ಹಣ ಇರುವವರ ಬಡಾವಣೆಗಳಲ್ಲಿ. ಹೀಗಾಗಿ ಎಡಿನ್‌ಬರೊ ಅಧ್ಯಯನದ ಪ್ರಕಾರ ಯಾರಿಗೆ ಹೆಚ್ಚು ಪ್ರಯೋಜನವಾಗುತ್ತದೋ ಆ ಮಕ್ಕಳ ನೆರೆಹೊರೆಯಲ್ಲೇ ದಳ ಇಲ್ಲದ ಸ್ಥಿತಿ ಬರುತ್ತದೆ. ಸರ್ಕಾರಗಳು, ಸ್ಥಳೀಯ ಆಡಳಿತಗಳು ಸಮವಸ್ತ್ರ ಹಂಚುವ ಬದಲು ಇಂಥ ಕಡೆ ನಾಯಕರ ತರಬೇತಿಗೆ, ಅವರ ಓಡಾಟದ ಖರ್ಚಿಗೆ, ಸಂಜೆ ಹೊತ್ತು ಸೇರಲು ಒಂದು ಕೊಠಡಿಗೆ ಹಣ ಕೊಡುವುದು ಹೆಚ್ಚು ಉಪಯುಕ್ತ.

ತರಬೇತಿಗೆ ಹೊಸದೇನನ್ನೂ ಕಂಡುಹಿಡಿಯಬೇಕಾಗಿಲ್ಲ. ಲಂಡನ್ ಬಳಿಯ ಗಿಲ್ವೆಲ್ ಪಾರ್ಕ್‌ನಲ್ಲಿ 1919ರ ಸೆಪ್ಟೆಂಬರ್‌ನಲ್ಲಿ ಶುರುವಾದ ವುಡ್ ಬ್ಯಾಡ್ಜ್ ತರಬೇತಿ ಇಂದಿಗೂ ಅನೇಕ ದೇಶಗಳಲ್ಲಿ ನಡೆಯುತ್ತಿದೆ. ಅದರಲ್ಲಿ ವೈದ್ಯರು, ಗುಮಾಸ್ತರು, ಶಿಕ್ಷಕರು, ಯಾರೇ ಬಂದರೂ ಮೊದಲು ಏಳೆಂಟು ಮಂದಿಯ ಪ್ಯಾಟ್ರೋಲ್ ಆಗಿ ಡೇರೆ ಹಾಕಿ, ತಮ್ಮಲ್ಲೇ ಒಬ್ಬರ ಮಾತಿಗೆ ಒಪ್ಪಿ, ಕೆಲಸ ಹಂಚಿಕೊಳ್ಳುತ್ತಾರೆ. ಮಕ್ಕಳಿಗೆ ಹೊಣೆ ಬಿಟ್ಟುಕೊಡುವುದು ಹೇಗೆ ಎಂಬ ಪಾಠ ಅವರಿಗೆ ಸಿಗುವುದು ಆಮೇಲೆ.